ಕಿರುಚುವ ಬೆಲ್ಟಿನ ಮಾತು

ಟಿನ್ ಫ್ಯಾಕ್ಟರಿ ಎಂದೊಡನೆ ಬೆಂಗಳೂರಿನವರ ಕಣ್ಣ ಮುಂದೆ ಬರುವುದು ಬಸ್ಸಿನ ಹಲಗೆ. ಹಳೆ ಮದ್ರಾಸು ರಸ್ತೆಗೆ ಹೊರವರ್ತುಲ ರಸ್ತೆ ಬಂದು ಸೇರುವ ಆ ಸ್ಥಳದಲ್ಲಿ ಈಗ ಕಾಣುವುದು ಮೇಲ್ಸೇತುವೆ, ಅದರಾಚೆ ಕೃಷ್ಣರಾಜಪುರದ ರೈಲುಹಳಿಯ ಮೇಲೆ ಕಟ್ಟಿದ ತೂಗುಸೇತುವೆ, ೨೦೨೩ರಲ್ಲಿ ಓಡತೊಡಗಿದ ಮೆಟ್ರೋ ರೈಲಿನ ಕಂಬಗಳು, ಮತ್ತು ಬಸ್ಸಿಗಾಗಿ ಕಾದು ನಿಂತ ಜನ. ಹೆಸರು ಮಾತ್ರ ಇಂದಿಗೂ ಕಾರ್ಖಾನೆಯದೇ. ಸುತ್ತಮುತ್ತಲ ನೆಲವೂ ಕಾರ್ಖಾನೆಗಳದೇ ಆಗಿತ್ತು. ಒಂದು ಪಕ್ಕದ ದೂರವಾಣಿನಗರದಲ್ಲಿ ೧೯೪೮ರಲ್ಲಿ ದೂರವಾಣಿ ಕಾರ್ಖಾನೆ ಆರಂಭವಾಯಿತು. ಇನ್ನೊಂದು ಪಕ್ಕದ ಬೈಯಪ್ಪನಹಳ್ಳಿಯಲ್ಲಿ ಎನ್.ಜಿ.ಇ.ಎಫ್. ಕಾರ್ಖಾನೆ ವಿದ್ಯುತ್ ಮೋಟಾರುಗಳನ್ನೂ ಟ್ರಾನ್ಸ್‌ಫಾರ್ಮರುಗಳನ್ನೂ ಮಾಡುತ್ತಿತ್ತು. ಈ ಶತಮಾನದ ಮೊದಲ ವರ್ಷಗಳಲ್ಲಿ ಅದು ಮುಚ್ಚಿತು. ಮಹದೇವಪುರದ ಕಡೆಗೆ ಹೊರಳಿದರೆ ಸಣ್ಣ ಪುಟ್ಟ ಷೆಡ್ಡುಗಳು. ಇಂಥ ಷೆಡ್ಡುಗಳ ಬಾಗಿಲ ಮುಂದೆ ಹಾದುಹೋಗುವಾಗ ಒಮ್ಮೊಮ್ಮೆ ಒಂದು ಶಬ್ದ ಕಿವಿಗೆ ಬೀಳುತ್ತದೆ: ಯಂತ್ರ ಚಾಲೂ ಮಾಡಿದ ಕ್ಷಣಕ್ಕೆ ಕೀರೆಂದು ಏಳುವ, ಹಲ್ಲು ಜುಮ್ಮೆನ್ನಿಸುವ ಒಂದು ಕೂಗು. ಈ ಹೊತ್ತು ನಾನು ಆಡಬೇಕೆಂದಿರುವ ನಾಲ್ಕು ಮಾತು ಆ ಕೂಗನ್ನು ಕುರಿತದ್ದು. ಅದು ಬೆಲ್ಟಿನ ಕೂಗು.

ಷೆಡ್ಡಿನ ಬೆಲ್ಟಿಗೂ ಮನೆಯಲ್ಲಿ ರೇಡಿಯೋ ಹಾಕಿಕೊಂಡು ಕುಳಿತ ತಮಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಬಲು ಹತ್ತಿರದ್ದು. ತಮ್ಮ ಮನೆಯ ರಾಗಿಯನ್ನೋ ಗೋಧಿಯನ್ನೋ ಹಿಟ್ಟು ಮಾಡಿಕೊಡುವ ಬೀದಿಯ ಮಿಲ್ಲಿನಲ್ಲಿ ಮೋಟಾರಿನಿಂದ ಬೀಸುವ ಕಲ್ಲಿಗೆ ಶಕ್ತಿ ಹೋಗುವುದು ಬೆಲ್ಟಿನ ಮೂಲಕ. ಇಡ್ಲಿಗೆ ರುಬ್ಬುವ ವಿದ್ಯುತ್ ಒರಳಿನ ಹೊಟ್ಟೆಯಲ್ಲಿಯೂ ಅನೇಕ ಮನೆಗಳಲ್ಲಿ ಅದೇ ಜಾತಿಯ ಒಂದು ಬೆಲ್ಟಿದೆ. ಬಟ್ಟೆ ಒಗೆಯುವ ಯಂತ್ರಗಳಲ್ಲಿಯೂ ಬಹಳಷ್ಟಕ್ಕೆ ಬೆಲ್ಟಿದೆ. ಹೀಗಾಗಿ ತಾವು ಬೆಲ್ಟಿನ ಒಡೆಯರೇ. ಅದರ ಮುಖ ನೋಡಿರಲಾರಿರಿ, ಅಷ್ಟೆ.

ಈ ಬೆಲ್ಟಿಗೆ ವಿ-ಬೆಲ್ಟು ಎಂದು ಹೆಸರು. ಅಡ್ಡಕ್ಕೆ ಕತ್ತರಿಸಿ ನೋಡಿದರೆ ಮೇಲೆ ಅಗಲ, ಕೆಳಗೆ ಕಿರಿದು. ಇಂಗ್ಲಿಷಿನ ವಿ ಅಕ್ಷರದ ಮೊನೆಯನ್ನು ಕತ್ತರಿಸಿದಂತೆ ಕಾಣುತ್ತದೆ. ಅದಕ್ಕೆ ಹಿಂದಿನ ಕಾಲದಲ್ಲಿ ಇದ್ದದ್ದು ಚಪ್ಪಟೆಯ ಪಟ್ಟಿ, ಹೆಚ್ಚಾಗಿ ತೊಗಲಿನದು. ಕಾರ್ಖಾನೆಗೆ ಒಂದೇ ದೊಡ್ಡ ಇಂಜಿನು. ಸೂರಿನ ಕೆಳಗೆ ಉದ್ದಕ್ಕೂ ಒಂದು ಉಕ್ಕಿನ ದಂಡ. ಆ ದಂಡದಿಂದ ಪ್ರತಿಯೊಂದು ಯಂತ್ರಕ್ಕೂ ಇಳಿಬಿಟ್ಟ ಪಟ್ಟಿ. ಮೋಟಾರು ಬಂದ ಮೇಲೆ ಈ ಏರ್ಪಾಡು ನಿಧಾನವಾಗಿ ಕಳಚಿತು. ನಮ್ಮ ನಾಡಿನಲ್ಲಿ ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗೂ ೧೯೦೫ರಲ್ಲಿ ಬೆಂಗಳೂರಿಗೂ ಬಂತು. ತಂತಿಯ ಮೂಲಕ ಶಕ್ತಿ ಬರುವುದಾದರೆ ಒಂದೊಂದು ಯಂತ್ರಕ್ಕೂ ಒಂದೊಂದು ಮೋಟಾರು ಇಡಬಹುದು. ಆದರೆ ಮೋಟಾರು ಯಂತ್ರದ ಮಗ್ಗುಲಲ್ಲೇ ಕುಳಿತಾಗ ನಡುವೆ ಅಂತರ ಸಾಲದು, ಚಪ್ಪಟೆ ಪಟ್ಟಿಗೆ ಹಿಡಿತ ಸಿಗದು, ಜಾರುತ್ತದೆ. ಅಮೆರಿಕದ ಡೆನ್ವರ್ ನಗರದಲ್ಲಿ ಗೇಟ್ಸ್ ಎಂಬ ಕಂಪನಿಯ ಜಾನ್ ಗೇಟ್ಸ್ ೧೯೧೭ರಲ್ಲಿ ರಬ್ಬರು ಮತ್ತು ನೂಲು ಸೇರಿಸಿ ಮಾಡಿದ ವಿ-ಬೆಲ್ಟು ಈ ತೊಡಕನ್ನು ಬಿಡಿಸಿತು.

ಅದು ಹೇಗೆ ಬಿಡಿಸಿತು ಎಂಬುದನ್ನು ತಿಳಿದರೆ ಮುಂದಿನದೆಲ್ಲ ತಾನಾಗಿ ತಿಳಿಯುತ್ತದೆ. ಸೌದೆ ಸೀಳುವಾಗ ಬೆಣೆ ಹೊಡೆಯುವುದನ್ನು ನೋಡಿದ್ದೀರಿ. ಮೇಲಿನಿಂದ ಕೊಟ್ಟ ಪೆಟ್ಟು ಎರಡು ಮಗ್ಗುಲಿಗೂ ಹಲವು ಪಟ್ಟಾಗಿ ಒತ್ತುತ್ತದೆ. ವಿ-ಬೆಲ್ಟು ಒಂದು ಉದ್ದನೆಯ ಬೆಣೆ. ಪುಲ್ಲಿಯ, ಎಂದರೆ ರಾಟೆಯ, ಅಂಚಿನಲ್ಲಿ ಕೊರೆದ ಗ್ರೂವಿನೊಳಗೆ ಅದು ಇಳಿದು ಎರಡು ಗೋಡೆಗಳನ್ನೂ ಒತ್ತಿ ಹಿಡಿಯುತ್ತದೆ. ಬೆಲ್ಟಿನ ಎರಡು ಮಗ್ಗುಲುಗಳ ನಡುವಣ ಕೋನ ಸುಮಾರು ೪೦ ಡಿಗ್ರಿ. ಈ ಲೆಕ್ಕದಲ್ಲಿ ಅದೇ ಬಿಗಿತಕ್ಕೆ ಚಪ್ಪಟೆ ಪಟ್ಟಿಗಿಂತ ಸುಮಾರು ಮೂರು ಪಟ್ಟು ಹಿಡಿತ ದೊರೆಯುತ್ತದೆ. ನೆನಪಿಡಬೇಕಾದ ಸಂಗತಿ ಇಷ್ಟು: ಬೆಲ್ಟು ಕೆಲಸ ಮಾಡುವುದು ತನ್ನ ಮಗ್ಗುಲುಗಳಿಂದ, ತಳದಿಂದಲ್ಲ. ಅದರ ತಳ ಗ್ರೂವಿನ ತಳವನ್ನು ಮುಟ್ಟಲೇಬಾರದು. ಮುಟ್ಟಿತೆಂದರೆ ಬೆಣೆ ಬೆಣೆಯಾಗಿ ಉಳಿಯಲಿಲ್ಲ, ಬರಿಯ ಪಟ್ಟಿಯಾಯಿತು.

ಈಗ ಕೂಗಿನ ಮಾತಿಗೆ ಬರೋಣ. ಬೆಲ್ಟು ಕಿರುಚುವುದು ಜಾರಿದಾಗ. ಜಾರಿದಾಗ ಮಾಲೀಕರು ಮೊದಲು ಮಾಡುವ ಕೆಲಸ ಸ್ಪ್ಯಾನರು ಹಿಡಿದು ಮೋಟಾರನ್ನು ಹಿಂದಕ್ಕೆಳೆದು ಬೆಲ್ಟನ್ನು ಬಿಗಿಯುವುದು. ಕೂಗು ನಿಲ್ಲುತ್ತದೆ. ಎಲ್ಲರಿಗೂ ಸಮಾಧಾನ. ಎರಡು ವಾರ ಕಳೆದು ಮತ್ತೆ ಕೂಗು, ಮತ್ತೆ ಬಿಗಿತ. ಆಮೇಲೊಂದು ದಿನ ಮೋಟಾರಿನ ಬೇರಿಂಗು ಗೊರಗೊರ ಎನ್ನತೊಡಗುತ್ತದೆ. ಆಗ ಬೈಗುಳ ತಿನ್ನುವುದು ಬೇರಿಂಗು ಮಾಡಿದ ಕಂಪನಿ. ನನ್ನ ಅಭಿಪ್ರಾಯದಲ್ಲಿ ಬೈಗುಳಕ್ಕೆ ತಕ್ಕದ್ದು ಆ ಸ್ಪ್ಯಾನರು. ಬೆಲ್ಟನ್ನು ಎಳೆದಷ್ಟೂ ಅದು ಮೋಟಾರಿನ ದಂಡವನ್ನು ಒಂದೇ ಪಕ್ಕಕ್ಕೆ ಜಗ್ಗುತ್ತದೆ. ಗುಂಡು ಬೇರಿಂಗಿನ ಆಯುಸ್ಸು ಹೊರೆಯ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ ಎಂಬುದು ಯಂತ್ರಶಾಸ್ತ್ರದ ಹಳೆಯ ಲೆಕ್ಕ. ಹೊರೆ ಎರಡರಷ್ಟಾದರೆ ಆಯುಸ್ಸು ಅರ್ಧವಾಗುವುದಿಲ್ಲ, ಎಂಟರಲ್ಲಿ ಒಂದು ಪಾಲಾಗುತ್ತದೆ. ಎಂಟು ವರ್ಷ ಬಾಳಬೇಕಾದದ್ದು ಒಂದು ವರ್ಷ. ಬೆಲ್ಟಿನ ಬೆಲೆ ಕೆಲವು ನೂರು ರೂಪಾಯಿ. ಬೇರಿಂಗು ಬದಲಿಸಲು ಮೋಟಾರು ಬಿಚ್ಚಬೇಕು, ಅಷ್ಟು ಹೊತ್ತು ಯಂತ್ರ ನಿಲ್ಲಬೇಕು.

ಹಾಗೆಂದು ಬೆಲ್ಟನ್ನು ಸಡಿಲವಾಗಿ ಬಿಟ್ಟರೂ ನಷ್ಟವೇ. ಒಂದು ಲೆಕ್ಕ ಹಾಕಿ ನೋಡೋಣ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಮೋಟಾರು ನಿಮಿಷಕ್ಕೆ ಸುಮಾರು ೧೪೪೦ ಸುತ್ತು ತಿರುಗುತ್ತದೆ. ಮೋಟಾರಿನ ಪುಲ್ಲಿ ೫ ಅಂಗುಲ, ಯಂತ್ರದ ಪುಲ್ಲಿ ೧೫ ಅಂಗುಲವಾದರೆ ಯಂತ್ರ ಮೂರನೇ ಒಂದು ಭಾಗ, ಎಂದರೆ ೪೮೦ ಸುತ್ತು ತಿರುಗಬೇಕು. ಎಣಿಸಿ ನೋಡಿದಾಗ ೪೫೦ ಮಾತ್ರ ಇದೆ ಎನ್ನಿ. ನೂರಕ್ಕೆ ಆರು ಪಾಲು ಎಲ್ಲಿ ಹೋಯಿತು? ಜಾರಿಕೆಯಲ್ಲಿ ಶಾಖವಾಯಿತು. ಹತ್ತು ಕುದುರೆ ಶಕ್ತಿಯ ಮೋಟಾರು ತುಂಬು ಹೊರೆಯಲ್ಲಿ ಓಡುವಾಗ ಇದು ೪೫೦ ವಾಟ್‌ನಷ್ಟು. ಮನೆಯ ಇಸ್ತ್ರಿಪೆಟ್ಟಿಗೆಯ ಅರ್ಧದಷ್ಟು ಕಾವು ಇಡೀ ದಿನ ಬೆಲ್ಟಿನ ಮೈಮೇಲೆ ಕುಳಿತಂತೆ. ದಿನಕ್ಕೆ ಎಂಟು ಗಂಟೆ, ತಿಂಗಳಿಗೆ ಇಪ್ಪತ್ತೈದು ದಿನ ಎಂದರೆ ತೊಂಬತ್ತು ಯೂನಿಟ್ಟು ವಿದ್ಯುತ್ತು ಗಾಳಿಗೆ ಹೋಯಿತು. ಆ ಕಾವಿನಿಂದ ರಬ್ಬರು ಬೆಂದು ಗಟ್ಟಿಯಾಗುತ್ತದೆ. ಗಟ್ಟಿಯಾದದ್ದು ಇನ್ನೂ ಹೆಚ್ಚು ಜಾರುತ್ತದೆ. ಬೆಲ್ಟಿನ ಒಳಗಿನ ಉಷ್ಣತೆ ಸಹಜಕ್ಕಿಂತ ಹತ್ತು ಡಿಗ್ರಿ ಏರಿದರೆ ಅದರ ಬಾಳಿಕೆ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಬೆಲ್ಟು ಮಾಡುವವರ ಅನುಭವ. ಯಂತ್ರ ನಿಲ್ಲಿಸಿದ ಕೂಡಲೇ, ಫ್ಯೂಜು ಕಿತ್ತು, ಪುಲ್ಲಿಯನ್ನು ಮುಟ್ಟಿ ನೋಡಬೇಕು. ಕೈ ಇಡಲಾರದಷ್ಟು ಬಿಸಿಯಿದ್ದರೆ ಜಾರಿಕೆ ಇದೆಯೆಂದೇ ತಿಳಿಯಬೇಕು, ಕೂಗು ಕೇಳಲಿ ಕೇಳದಿರಲಿ.

ಹಾಗಾದರೆ ಬಿಗಿತ ಎಷ್ಟಿರಬೇಕು? ಅತ್ಯಂತ ಹೆಚ್ಚು ಹೊರೆ ಬಿದ್ದಾಗಲೂ ಜಾರದಂತೆ ಇರುವ ಅತ್ಯಂತ ಕಡಿಮೆ ಬಿಗಿತವೇ ಸರಿಯಾದ ಬಿಗಿತ. ಇದನ್ನು ಕೈಯಂದಾಜಿನಲ್ಲಿ ಹೇಳುವ ಮೇಸ್ತ್ರಿಗಳಿದ್ದಾರೆ. ಮೂವತ್ತು ವರ್ಷದ ಕೈಯಾದರೆ ನಾನೂ ನಂಬುತ್ತೇನೆ. ಉಳಿದವರಿಗೆ ಅಳತೆಯುಂಟು. ಎರಡು ಪುಲ್ಲಿಗಳ ನಡುವೆ ಬೆಲ್ಟು ಯಾವ ಆಸರೆಯೂ ಇಲ್ಲದೆ ಹಾದುಹೋಗುವ ಉದ್ದವನ್ನು ಅಳೆಯಿರಿ. ಪ್ರತಿ ಅಂಗುಲ ಉದ್ದಕ್ಕೆ ಅಂಗುಲದ ಅರವತ್ತನಾಲ್ಕನೇ ಒಂದು ಭಾಗದಷ್ಟು ನಡು ಬಗ್ಗಬೇಕು. ಉದ್ದ ೩೨ ಅಂಗುಲವಿದ್ದರೆ ಅರ್ಧ ಅಂಗುಲ. ಮೀಟರಿನ ಲೆಕ್ಕದಲ್ಲಿ ಅರ್ಧ ಮೀಟರಿಗೆ ೮ ಮಿಲಿಮೀಟರು. ಅಷ್ಟು ಬಗ್ಗಿಸಲು ಎಷ್ಟು ಬಲ ಬೇಕೆಂಬುದು ಬೆಲ್ಟಿನ ಜಾತಿಗೆ ತಕ್ಕಂತೆ ತಯಾರಕರ ಪಟ್ಟಿಯಲ್ಲಿ ಕೊಟ್ಟಿರುತ್ತದೆ. ಕೊಂಡಿಯಿರುವ ಸ್ಪ್ರಿಂಗ್ ತಕ್ಕಡಿಯೊಂದನ್ನು ಬೆಲ್ಟಿನ ನಡುವಿಗೆ ಸಿಕ್ಕಿಸಿ ಎಳೆದರೆ ಮುಳ್ಳೇ ಹೇಳುತ್ತದೆ. ಹಳೆ ಪೇಪರು ಕೊಳ್ಳುವವರ ಕೈಯಲ್ಲಿರುವ ತಕ್ಕಡಿಯಂಥದೇ ಸಾಕು.

ಹೊಸ ಬೆಲ್ಟಿನ ವಿಷಯದಲ್ಲಿ ಇನ್ನೊಂದು ಮಾತು ಸೇರಿಸಬೇಕು. ಹಾಕಿದ ದಿನದ ಬಿಗಿತ ಮರುದಿನ ಇರುವುದಿಲ್ಲ. ಬೆಲ್ಟು ಸ್ವಲ್ಪ ಹಿಗ್ಗಿ ಗ್ರೂವಿನಲ್ಲಿ ತನ್ನ ಜಾಗ ಮಾಡಿಕೊಳ್ಳುತ್ತದೆ. ಒಂದೆರಡು ದಿನ ಓಡಿದ ಮೇಲೆ ಮತ್ತೆ ಅಳೆದು ಬಿಗಿಯಬೇಕು. ಈ ಎರಡನೆಯ ಬಿಗಿತವನ್ನು ಮರೆತು ಸತ್ತ ಬೆಲ್ಟುಗಳೇ ಬಹಳ.

ಬೆಲ್ಟು ಸತ್ತಿತು. ಮಾಡುವುದೇನು? ಬಹುಮಂದಿ ಅದನ್ನು ಕಿತ್ತು ಮೂಲೆಗೆಸೆದು ಅದೇ ನಂಬರಿನ ಹೊಸದೊಂದನ್ನು ತರಲು ಹುಡುಗನನ್ನು ಅಂಗಡಿಗೆ ಓಡಿಸುತ್ತಾರೆ. ಎಸೆಯುವ ಮುಂಚೆ ಐದು ನಿಮಿಷ ಅದನ್ನು ಬೆಳಕಿನಲ್ಲಿ ಹಿಡಿದು ನೋಡಬೇಕೆಂಬುದು ನನ್ನ ಬಿನ್ನಹ. ಬೆಲ್ಟು ತನ್ನ ಸಾವಿನ ಕಾರಣವನ್ನು ತನ್ನ ಮೈಮೇಲೆ ಬರೆದಿಟ್ಟಿರುತ್ತದೆ. ಆ ಬರಹ ಓದದಿದ್ದರೆ ಹೊಸ ಬೆಲ್ಟೂ ಅದೇ ರೋಗದಿಂದ ಸಾಯುತ್ತದೆ.

ಎರಡು ಮಗ್ಗುಲೂ ಗಾಜಿನಂತೆ ಹೊಳೆಯುತ್ತ ಗಟ್ಟಿಯಾಗಿದ್ದರೆ ಅದು ಜಾರಿ ಬೆಂದದ್ದು. ಬಿಗಿತ ಕಡಿಮೆಯಿತ್ತು, ಇಲ್ಲವೇ ಹೊರೆ ಹೆಚ್ಚಾಗಿತ್ತು. ಒಂದೇ ಮಗ್ಗುಲು ಸವೆದಿದ್ದರೆ ಎರಡು ಪುಲ್ಲಿಗಳು ಒಂದು ನೇರದಲ್ಲಿಲ್ಲ. ಬೆಲ್ಟು ಪ್ರತಿ ಸುತ್ತಿಗೂ ಒಂದು ಗೋಡೆಗೆ ಮೈ ಉಜ್ಜಿಕೊಂಡು ಹೋಗಿದೆ. ತಳದಲ್ಲಿ ಅಡ್ಡಡ್ಡ ಬಿರುಕುಗಳು, ಒಣಗಿದ ಕೆರೆಯ ನೆಲದಂತೆ, ಇದ್ದರೆ ಕಾವಿನಿಂದಲೋ ಅತಿಯಾದ ಬಾಗಿನಿಂದಲೋ ಆದದ್ದು. ಇಲ್ಲಿ ಪುಲ್ಲಿಯ ಅಳತೆಯನ್ನು ಸಂಶಯಿಸಬೇಕು. ಯಂತ್ರದ ವೇಗ ತಗ್ಗಿಸಬೇಕೆಂದು ಮೋಟಾರಿಗೆ ಪುಟ್ಟ ಪುಲ್ಲಿ ಹಾಕುವ ಹಂಬಲ ನಮ್ಮಲ್ಲಿದೆ. ಬೆಲ್ಟುಗಳನ್ನು ಗಾತ್ರಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂದು ಜಾತಿ ಮಾಡಿದ್ದಾರೆ. ಎ ಜಾತಿಯದು ೧೩ ಮಿಲಿಮೀಟರು ಅಗಲ, ಬಿ ಜಾತಿಯದು ೧೭, ಸಿ ಜಾತಿಯದು ೨೨. ಎ ಬೆಲ್ಟಿಗೆ ೩ ಅಂಗುಲಕ್ಕಿಂತ, ಬಿ ಬೆಲ್ಟಿಗೆ ೫ ಅಂಗುಲಕ್ಕಿಂತ ಸಣ್ಣ ಪುಲ್ಲಿ ತರವಲ್ಲ. ದಪ್ಪ ಹಗ್ಗವನ್ನು ಬೆರಳಿಗೆ ಸುತ್ತಲು ಹೋದರೆ ಏನಾಗುತ್ತದೆ, ಅದೇ ಆಗುತ್ತದೆ. ಅದೂ ನಿಮಿಷಕ್ಕೆ ನೂರಾರು ಸಲ. ಈಚೆಗೆ ತಳದಲ್ಲಿ ಹಲ್ಲುಹಲ್ಲಾಗಿ ಕಚ್ಚು ಬಿಟ್ಟ ಬೆಲ್ಟುಗಳು ಬಂದಿವೆ. ಅವು ಸುಲಭವಾಗಿ ಬಾಗುತ್ತವೆ, ಬಿಸಿಯೂ ಕಡಿಮೆ. ಜಾಗವಿಲ್ಲದೆ ಸಣ್ಣ ಪುಲ್ಲಿಯೇ ಬೇಕೆನ್ನುವವರಿಗೆ ಅವು ಉತ್ತಮ.

ಬೆಲ್ಟು ಉಬ್ಬಿ ಮೆತ್ತಗಾಗಿ ಅಂಟಂಟಾಗಿದ್ದರೆ ಎಣ್ಣೆ ಬಿದ್ದಿದೆ. ಬೇರಿಂಗಿನ ಗ್ರೀಸು ಸೋರಿ ಬೀಳುತ್ತಿರಬಹುದು. ಅಥವಾ, ಇದನ್ನು ಹೇಳದೆ ಇರಲಾರೆ, ಯಾರೋ ಮದ್ದು ಹಾಕಿರಬಹುದು. ಕಿರುಚುವ ಬೆಲ್ಟಿಗೆ ರಾಳದ ಪುಡಿ, ಸೋಪಿನ ತುಂಡು, ಹರಳೆಣ್ಣೆ ಎಂದು ಒಬ್ಬೊಬ್ಬರದು ಒಂದೊಂದು ಔಷಧ. ತೊಗಲಿನ ಪಟ್ಟಿಯ ಕಾಲದಲ್ಲಿ ಇವುಗಳಲ್ಲಿ ಕೆಲವಕ್ಕೆ ಅರ್ಥವಿತ್ತು. ತೊಗಲು ಒಣಗುತ್ತಿತ್ತು, ಅದಕ್ಕೆ ಜಿಡ್ಡು ಬೇಕಿತ್ತು. ರಬ್ಬರಿಗೆ ಜಿಡ್ಡು ವಿಷ. ಪಟ್ಟಿ ಬದಲಾಯಿತು, ಔಷಧ ಮಾತ್ರ ಅಪ್ಪನಿಂದ ಮಗನಿಗೆ ಬಂತು. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಅಂಟು ಮದ್ದೂ ವಿ-ಬೆಲ್ಟಿಗೆ ಬೇಕಿಲ್ಲ. ಅರ್ಧ ದಿನ ಕೂಗು ನಿಲ್ಲಬಹುದು. ಆ ಅಂಟಿಗೆ ಧೂಳು ಹಿಡಿದು ಗ್ರೂವೇ ಉಪ್ಪುಕಾಗದವಾಗುತ್ತದೆ.

ಕೊನೆಯದಾಗಿ, ಹೊರಗೆ ಯಾವ ಗಾಯವೂ ಇಲ್ಲದ ಬೆಲ್ಟು ಹಾಕಿದ ಕೆಲವೇ ದಿನಕ್ಕೆ ಪಟ್ಟನೆ ಹರಿದರೆ, ಅಥವಾ ಗ್ರೂವಿನೊಳಗೆ ಪದೇ ಪದೇ ಮಗುಚಿಕೊಂಡರೆ, ತಪ್ಪು ಹಾಕಿದವನ ಕೈಯದು. ಬೆಲ್ಟಿನ ಮೇಲ್ಭಾಗದಲ್ಲಿ ಬಲವಾದ ಹುರಿಗಳಿರುತ್ತವೆ; ಎಳೆತವನ್ನೆಲ್ಲ ಹೊರುವವು ಅವೇ, ರಬ್ಬರಲ್ಲ. ಮೋಟಾರನ್ನು ಸಡಿಲಿಸುವ ಬೇಸರಕ್ಕೆ ಸ್ಕ್ರೂಡ್ರೈವರು ಒತ್ತಿ ಪುಲ್ಲಿಯ ಅಂಚಿನ ಮೇಲೆ ಬೆಲ್ಟನ್ನು ಹಾರಿಸಿ ಕೂರಿಸುವಾಗ ಕೆಲವು ಹುರಿಗಳು ಒಳಗೇ ಮುರಿಯುತ್ತವೆ. ಹೊರಗೆ ಏನೂ ಕಾಣುವುದಿಲ್ಲ. ಹಾಕುವಾಗ ಉಳಿಸಿದ್ದು ಹತ್ತು ನಿಮಿಷ.

ಬೆಲ್ಟನ್ನು ಓದಿದ್ದಾಯಿತು, ಪುಲ್ಲಿಯನ್ನೂ ಓದಬೇಕು. ಗ್ರೂವಿನ ಗೋಡೆಗಳು ನೇರವಾಗಿರಬೇಕು. ಸವೆದು ಒಳಕ್ಕೆ ಬಟ್ಟಲಿನಂತೆ ತಗ್ಗಾಗಿದ್ದರೆ ಎಷ್ಟು ಒಳ್ಳೆಯ ಬೆಲ್ಟೂ ಅದರಲ್ಲಿ ಹಿಡಿತ ಕಾಣದು. ಗ್ರೂವಿನ ತಳ ಬೆಳ್ಳಿಯಂತೆ ಮಿರುಗುತ್ತಿದ್ದರೆ ಬೆಲ್ಟು ತಳ ಮುಟ್ಟುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಒಳ್ಳೆಯ ಪುಲ್ಲಿಯ ತಳ ಮಂಕಾಗಿ, ಧೂಳು ಕೂತು ಇರುತ್ತದೆ. ಹೊಸ ಬೆಲ್ಟು ಪುಲ್ಲಿಯ ಅಂಚಿನ ಮಟ್ಟಕ್ಕೆ, ಅಥವಾ ಕೂದಲೆಳೆಯಷ್ಟು ಮೇಲೆ ಕೂರಬೇಕು. ಬಾವಿಗಿಳಿದಂತೆ ಒಳಗೆ ಹೋದರೆ ಪುಲ್ಲಿ ಮುಗಿಯಿತೆಂದು ಅರ್ಥ. ಸವೆದ ಪುಲ್ಲಿಗೆ ಹೊಸ ಹೊಸ ಬೆಲ್ಟು ತೊಡಿಸುತ್ತ ಹೋಗುವುದು ತಳ ತೂತಾದ ಕೊಡಕ್ಕೆ ನೀರು ತುಂಬುವ ಉಳಿತಾಯ.

ಟಿನ್ ಫ್ಯಾಕ್ಟರಿಯ ಹೆಸರು ಹೇಳಿ ತಗಡಿನ ಕೆಲಸದ ಮಾತಾಡದಿದ್ದರೆ ಹೇಗೆ? ತಗಡಿನ ಡಬ್ಬಿಯ ಮುಚ್ಚಳವನ್ನು ಒಂದೇ ಏಟಿಗೆ ಕತ್ತರಿಸಿ ಅಚ್ಚೊತ್ತುವುದು ಪವರ್ ಪ್ರೆಸ್ಸು ಎಂಬ ಯಂತ್ರ. ಅದರ ಪಕ್ಕದಲ್ಲಿ ಒಂದು ಭಾರಿ ಗಾಲಿ ಸದಾ ಸುತ್ತುತ್ತಿರುತ್ತದೆ. ಕೆಲಸಗಾರ ಪೆಡಲು ತುಳಿದಾಗ ಆ ಗಾಲಿ ತಾನು ಕೂಡಿಟ್ಟ ಶಕ್ತಿಯನ್ನು ಒಂದು ಏಟಿನಲ್ಲಿ ಕೊಟ್ಟುಬಿಡುತ್ತದೆ. ಮುಂದಿನ ಏಟಿನೊಳಗೆ ಮೋಟಾರು ಬೆಲ್ಟಿನ ಮೂಲಕ ಆ ಶಕ್ತಿಯನ್ನು ಮತ್ತೆ ತುಂಬಬೇಕು. ಇಲ್ಲಿ ಬೆಲ್ಟಿಗೆ ಸಮನಾದ ಎಳೆತವಿಲ್ಲ, ಪ್ರತಿ ಏಟಿಗೂ ಒಂದು ಜಗ್ಗು. ಇಂಥ ಯಂತ್ರಕ್ಕೆ ಬೆಲ್ಟು ಲೆಕ್ಕ ಹಾಕುವಾಗ ಮೋಟಾರಿನ ಬಲಕ್ಕಿಂತ ಹೆಚ್ಚನ್ನು ಹಿಡಿದು ಎರಡು, ಮೂರು, ನಾಲ್ಕು ಬೆಲ್ಟುಗಳನ್ನು ಜೊತೆಜೊತೆಯಾಗಿ ಹಾಕುತ್ತಾರೆ. ಪ್ರೆಸ್ಸು ಮೊದಲು ಏಳೆಂಟು ಏಟು ಚೆನ್ನಾಗಿ ಹೊಡೆದು ಆಮೇಲೆ ಸೊರಗಿದರೆ ಮೋಟಾರನ್ನು ದೂರುವ ಮುಂಚೆ ಬೆಲ್ಟನ್ನು ನೋಡಬೇಕು. ಗಾಲಿಗೆ ಶಕ್ತಿ ಹಿಂದಿರುಗುತ್ತಿಲ್ಲ.

ಜೊತೆ ಬೆಲ್ಟುಗಳಲ್ಲಿ ಒಂದು ಹರಿದರೆ ಒಂದನ್ನೇ ಬದಲಿಸುವುದು ನಮ್ಮವರ ಮಿತವ್ಯಯ. ಅದು ಮಿತವ್ಯಯವಲ್ಲ. ಹಳೆಯವು ಹಿಗ್ಗಿ ಉದ್ದವಾಗಿವೆ, ಹೊಸದು ಗಿಡ್ಡ. ಹೊಸದರ ಮೇಲೆ ಎಲ್ಲ ಹೊರೆಯೂ ಬಿದ್ದು ಹಳೆಯವು ಸುಮ್ಮನೆ ಜೋಲಾಡುತ್ತವೆ. ಚಿಕ್ಕ ಎತ್ತಿಗೆ ಪೂರಾ ಗಾಡಿ ಕಟ್ಟಿ ದೊಡ್ಡ ಎತ್ತು ಪಕ್ಕದಲ್ಲಿ ನಡೆದ ಹಾಗೆ. ಬದಲಿಸುವುದಾದರೆ ಎಲ್ಲವನ್ನೂ ಒಟ್ಟಿಗೆ, ಒಂದೇ ಕಂಪನಿಯವನ್ನು, ಒಂದೇ ಅಳತೆಯವನ್ನು ಬದಲಿಸಬೇಕು. ಬೆಲ್ಟಿನ ಬೆನ್ನ ಮೇಲೆ ಅಚ್ಚಾದ ಗುರುತನ್ನು ಬರೆದುಕೊಂಡು ಅಂಗಡಿಗೆ ಹೋಗಿ. ಬಿ ೫೨ ಎಂದಿದ್ದರೆ ಬಿ ಜಾತಿ, ಒಳಸುತ್ತಳತೆ ೫೨ ಅಂಗುಲ ಎಂದರ್ಥ. ಬಿ ೫೨ ಇಲ್ಲ, ಬಿ ೫೩ ತೊಗೊಳ್ಳಿ, ಏನೂ ಆಗಲ್ಲ ಎನ್ನುವ ಅಂಗಡಿಯವರು ಒಂಟಿ ಬೆಲ್ಟಿನ ಮಟ್ಟಿಗೆ ಎಷ್ಟೋ ಸಲ ಸರಿ, ಮೋಟಾರನ್ನು ಸರಿಸಿಕೊಳ್ಳಬಹುದು. ಜೊತೆಯಲ್ಲಿ ಒಂದು ಬಿ ೫೨, ಒಂದು ಬಿ ೫೩ ಎಂದಿಗೂ ನಡೆಯದು.

ಹಾಕುವ ಕ್ರಮ ಸುಲಭ. ಮೋಟಾರಿನ ಬೋಲ್ಟುಗಳನ್ನು ಸಡಿಲಿಸಿ ಅದನ್ನು ಯಂತ್ರದ ಕಡೆಗೆ ತಳ್ಳಿ, ಹಳೆಯ ಬೆಲ್ಟನ್ನು ಕೈಯಿಂದಲೇ ತೆಗೆಯಿರಿ, ಗ್ರೂವುಗಳನ್ನು ಒಣ ಬಟ್ಟೆಯಿಂದ ಒರೆಸಿ, ಹೊಸದನ್ನು ಕೈಯಿಂದಲೇ ಇಳಿಬಿಡಿ. ಆಮೇಲೆ ನೇರ ನೋಡಬೇಕು. ಇದಕ್ಕೆ ದೊಡ್ಡ ಸಾಧನವೇನೂ ಬೇಡ, ಗಾರೆ ಕೆಲಸದವರ ದಾರವೇ ಸಾಕು. ದೊಡ್ಡ ಪುಲ್ಲಿಯ ಹೊರಮುಖಕ್ಕೆ ದಾರದ ಒಂದು ತುದಿಯನ್ನು ಒತ್ತಿ ಹಿಡಿದು, ಎರಡು ಪುಲ್ಲಿಗಳ ಮುಖದ ಮೇಲೆ ಹಾಯುವಂತೆ ಬಿಗಿಯಾಗಿ ಎಳೆದರೆ, ದೊಡ್ಡದರ ಎರಡು ಅಂಚು, ಚಿಕ್ಕದರ ಎರಡು ಅಂಚು, ಹೀಗೆ ನಾಲ್ಕು ಕಡೆ ದಾರ ಮುಟ್ಟಬೇಕು. ಪುಲ್ಲಿಗಳ ಅಂಚು ಒಂದೇ ದಪ್ಪವಿಲ್ಲದಿದ್ದರೆ ಆ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬೇಕು. ದಂಡಗಳ ನಡುವಣ ಅಂತರ ಒಂದು ಅಡಿಗೆ ಅಂಗುಲದ ಹತ್ತನೇ ಒಂದು ಭಾಗದವರೆಗೆ ವ್ಯತ್ಯಾಸವನ್ನು ಬೆಲ್ಟು ತಾಳಿಕೊಳ್ಳುತ್ತದೆ, ಅದರಾಚೆಗೆ ತಾಳದು. ನೇರ ನೋಡಿದ ಮೇಲೆ ಬಿಗಿತ. ಬಿಗಿದ ಮೇಲೆ ಮತ್ತೊಮ್ಮೆ ನೇರ, ಏಕೆಂದರೆ ಬೋಲ್ಟು ಬಿಗಿಯುವಾಗ ಮೋಟಾರು ಸೊಟ್ಟಗಾಗುವುದುಂಟು.

ಕೃಷ್ಣರಾಜಪುರದ ನಿಲ್ದಾಣದಲ್ಲಿ ರೈಲು ಹಾಯುವುದನ್ನು ನೋಡುವಾಗ ಯಾರಿಗೂ ಬೆಲ್ಟಿನ ನೆನಪು ಬರುವುದಿಲ್ಲ. ಆದರೆ ಬಹುಕಾಲ ನಮ್ಮ ರೈಲಿನಲ್ಲಿ ದೀಪ ಉರಿದದ್ದೂ ಪಂಖ ತಿರುಗಿದ್ದೂ ವಿ-ಬೆಲ್ಟಿನ ದಯೆಯಿಂದ. ಹಳೆಯ ಮಾದರಿಯ ನೀಲಿ ಬೋಗಿಗಳಲ್ಲಿ ಚಕ್ರದ ಅಚ್ಚಿಗೆ ಒಂದು ಪುಲ್ಲಿ, ಬೋಗಿಯ ಕೆಳಗೆ ತೂಗುಬಿಟ್ಟ ವಿದ್ಯುತ್ ಜನಕಕ್ಕೆ ಒಂದು ಪುಲ್ಲಿ; ನಡುವೆ ಬೆಲ್ಟುಗಳು. ಸಾಮಾನ್ಯ ಬೋಗಿಗೆ ನಾಲ್ಕು, ಹವಾನಿಯಂತ್ರಿತ ಬೋಗಿಗೆ ಹನ್ನೆರಡು, ಎಲ್ಲವೂ ಸಿ ಜಾತಿಯವು, ಸಿ ೧೨೨. ಬಿಸಿಲು, ಮಳೆ, ಜಲ್ಲಿಯ ಪೆಟ್ಟು, ಹಳಿಯ ಧೂಳು ಎಲ್ಲವನ್ನೂ ತಿಂದು ಅವು ದುಡಿಯುತ್ತವೆ. ಅಲ್ಲಿಯ ನಿಯಮವೂ ಷೆಡ್ಡಿನದೇ: ಜೊತೆಯಾಗಿ ಹಾಕು, ನೇರ ನೋಡು, ಬಿಗಿತ ಅಳೆ. ಹೊಸ ಮಾದರಿಯ ಎಲ್.ಎಚ್.ಬಿ. ಬೋಗಿಗಳಲ್ಲಿ ಈ ಬೆಲ್ಟುಗಳಿಲ್ಲ. ರೈಲಿನ ತುದಿಯ ವಾಹನದಿಂದಲೋ ಇಂಜಿನಿನಿಂದಲೋ ವಿದ್ಯುತ್ತು ಬರುತ್ತದೆ.

ಮನೆಯ ಬೆಲ್ಟಿಗೆ ಹೆಚ್ಚು ಹೇಳಬೇಕಾದದ್ದಿಲ್ಲ. ವಿದ್ಯುತ್ ಒರಳನ್ನು ತೊಳೆಯುವಾಗ ನೀರು ಕೆಳಗಿಳಿದು ಬೆಲ್ಟಿಗೆ ತಾಗಿದರೆ ಮಾರನೆಯ ಬೆಳಗ್ಗೆ ಅದು ಕಿರುಚುತ್ತದೆ. ಒಣಗಲು ಬಿಡಿ, ತಾನೇ ಸುಮ್ಮನಾಗುತ್ತದೆ. ಉದ್ದು ತೀರ ಗಟ್ಟಿಯಾಗಿ ಕಲ್ಲು ನಿಂತು ಮೋಟಾರು ಗುಂಯ್‌ಗುಡುತ್ತಿದ್ದರೆ ಕೂಡಲೇ ಆರಿಸಿ, ನೀರು ಹಾಕಿ, ಕಲ್ಲನ್ನು ಕೈಯಿಂದ ಒಮ್ಮೆ ತಿರುಗಿಸಿ ಆಮೇಲೆ ಹಾಕಿ. ನಿಂತ ಬೆಲ್ಟಿನ ಮೇಲೆ ಮೋಟಾರಿನ ಪುಲ್ಲಿ ಉಜ್ಜುತ್ತ ತಿರುಗಿದರೆ ಬೆಲ್ಟು ಬೇಗನೆ ಒಂದೇ ಕಡೆ ಸುಟ್ಟು ಗುಳಿ ಬೀಳುತ್ತದೆ. ಆಮೇಲೆ ಸುತ್ತಿಗೊಮ್ಮೆ ಟಕ್ ಎನ್ನುವ ಸದ್ದು ಜೀವಮಾನವಿಡೀ.

ಇದುವರೆಗೆ ಹೇಳಿದ್ದು ಹಣದ ಮಾತು. ಇನ್ನು ಬೆರಳಿನ ಮಾತು. ಐದು ಅಂಗುಲದ ಪುಲ್ಲಿ ನಿಮಿಷಕ್ಕೆ ೧೪೪೦ ಸುತ್ತಿದರೆ ಬೆಲ್ಟು ಒಂದು ಸೆಕೆಂಡಿಗೆ ಒಂಬತ್ತು ಮೀಟರಿಗೂ ಹೆಚ್ಚು ಓಡುತ್ತದೆ. ಅಪಾಯ ಕಂಡು ಕೈ ಹಿಂದೆಗೆಯಲು ಮನುಷ್ಯನಿಗೆ ಸುಮಾರು ಕಾಲು ಸೆಕೆಂಡು ಬೇಕು. ಅಷ್ಟರಲ್ಲಿ ಬೆಲ್ಟು ಎರಡು ಮೀಟರಿಗೂ ಮಿಕ್ಕಿ ಓಡಿರುತ್ತದೆ; ಪುಲ್ಲಿಗೂ ಕೈಗೂ ಇದ್ದ ಅಂತರ ಒಂದು ಗೇಣು. ಜಾಗರೂಕನಾದವನಿಗೆ ಏನೂ ಆಗುವುದಿಲ್ಲ ಎಂಬ ಮಾತಿಗೆ ಈ ಲೆಕ್ಕದ ಮುಂದೆ ಬೆಲೆಯಿಲ್ಲ. ಬೆಲ್ಟು ಪುಲ್ಲಿಯೊಳಕ್ಕೆ ಹೋಗುವ ಸಂಧಿಯೇ ಅತ್ಯಂತ ಕೆಟ್ಟ ಜಾಗ. ಅಂಗಿಯ ತೋಳು, ಟವೆಲು, ಸೆರಗು, ವೇಲು, ಜಡೆ, ಯಾವುದರ ತುದಿ ಸಿಕ್ಕರೂ ಅದು ಒಳಗೆಳೆಯುತ್ತದೆ. ಬಿಡುವುದಿಲ್ಲ, ಏಕೆಂದರೆ ಹಿಡಿಯುವುದೇ ಅದರ ಗುಣ.

೧೯೪೮ರ ಕಾರ್ಖಾನೆ ಕಾಯ್ದೆ ತನ್ನ ೨೧ನೆಯ ವಿಧಿಯಲ್ಲಿ ಚಲಿಸುವ ಭಾಗಗಳಿಗೆ ಭದ್ರವಾದ ಬೇಲಿ ಹಾಕಬೇಕೆಂದು ಹೇಳಿತ್ತು. ಆದರೆ ಕಾಯ್ದೆ ಕಾಣದ ಬೀದಿಯ ಮಿಲ್ಲುಗಳೇ ನಮಗೆ ಹೆಚ್ಚು ಹತ್ತಿರ. ಅಲ್ಲಿ ಬೆಲ್ಟಿಗೆ ಹಾಕಿದ ಜಾಲರಿಯ ಗೂಡನ್ನು ಒಂದು ಸಲ ರಿಪೇರಿಗೆಂದು ಬಿಚ್ಚುತ್ತಾರೆ. ಬಿಚ್ಚಿದ್ದು ಮತ್ತೆ ಏರುವುದಿಲ್ಲ, ಗೋಡೆಗೊರಗಿ ನಿಲ್ಲುತ್ತದೆ, ಅದರ ಮೇಲೆ ಹಿಟ್ಟಿನ ಧೂಳು ಕೂರುತ್ತದೆ. ಡಬ್ಬ ಹಿಡಿದು ನಿಂತ ಗೃಹಿಣಿಗೂ ಅವಳ ಕೈ ಹಿಡಿದ ಮಗುವಿಗೂ ಬೆಲ್ಟಿಗೂ ನಡುವೆ ಏನೂ ಇರುವುದಿಲ್ಲ. ತಾವು ಹೋಗುವ ಮಿಲ್ಲಿನಲ್ಲಿ ಆ ಗೂಡು ಎಲ್ಲಿದೆ ಎಂದು ಈ ವಾರ ನೋಡಿ. ಗೋಡೆಗೊರಗಿದ್ದರೆ, ಅಣ್ಣಾ, ಅದನ್ನು ಹಾಕಿದ ಮೇಲೆ ಬರುತ್ತೇನೆ ಎಂದು ಹೇಳಿ ಡಬ್ಬವನ್ನು ಹಿಂದಕ್ಕೆ ತನ್ನಿ. ಗಿರಾಕಿಯ ಈ ಮಾತು ಇನ್‌ಸ್ಪೆಕ್ಟರ ನೋಟೀಸಿಗಿಂತ ಬೇಗ ಕೆಲಸ ಮಾಡುತ್ತದೆ. ಗೂಡು ಜಾಲರಿಯದೇ ಆಗಿರಲಿ. ಮುಚ್ಚಿದ ತಗಡಿನ ಪೆಟ್ಟಿಗೆಯಾದರೆ ಬೆಲ್ಟಿಗೆ ಗಾಳಿ ಸಿಗದೆ ಬಿಸಿಯೇರುತ್ತದೆ. ಜಾಲರಿಯ ಕಣ್ಣಿನೊಳಗೆ ಮಗುವಿನ ಬೆರಳು ತೂರಬಾರದು.

ಬೆಲ್ಟನ್ನು ಮುಟ್ಟುವವರು ಗುಂಡಿ ಒತ್ತಿ ನಿಲ್ಲಿಸಿದರೆ ಸಾಲದು. ಕರೆಂಟು ಹೋಗಿ ಯಂತ್ರ ನಿಂತಿತೆಂದು ಬೆಲ್ಟಿಗೆ ಕೈ ಹಾಕಿದವರ ಮೇಲೆ ಕರೆಂಟು ಬಂದುಬಿಡುವುದುಂಟು. ಮೇನ್ ಸ್ವಿಚ್ಚು ಇಳಿಸಿ, ಫ್ಯೂಜು ಕಿತ್ತು, ಆ ಫ್ಯೂಜನ್ನು ಕೆಲಸ ಮಾಡುವವನು ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಫ್ಯೂಜಿಲ್ಲದ ಹೊಸ ಬಗೆಯ ಸ್ವಿಚ್ಚಾದರೆ ಅದಕ್ಕೆ ಬೀಗ ಹಾಕಿ ಬೀಗದ ಕೈಯನ್ನು ಇಟ್ಟುಕೊಳ್ಳಬೇಕು. ಪ್ರೆಸ್ಸಿನಂಥ ಯಂತ್ರದಲ್ಲಿ ಮೋಟಾರು ನಿಂತ ಮೇಲೂ ಭಾರದ ಗಾಲಿ ಬಹಳ ಹೊತ್ತು ಸುತ್ತುತ್ತದೆ. ಅದು ಪೂರ್ತಿ ನಿಲ್ಲುವವರೆಗೆ ಬೀಡಿಯನ್ನೋ ಕಾಫಿಯನ್ನೋ ಕುಡಿಯುತ್ತ ದೂರ ಕುಳಿತಿರುವುದು ಸೋಮಾರಿತನವಲ್ಲ.

ಒಂದು ಜೊತೆ ಬೆಲ್ಟನ್ನು ಮುಂಗಡ ತಂದಿಟ್ಟುಕೊಳ್ಳುವುದು ಒಳ್ಳೆಯದು. ಅದನ್ನು ಮೊಳೆಗೆ ನೇತುಹಾಕಬೇಡಿ. ಮೊಳೆ ತಾಗಿದ ಕಡೆ ಶಾಶ್ವತವಾಗಿ ಬಾಗು ಬೀಳುತ್ತದೆ. ಬಿಸಿಲು ಬೀಳದ, ತಂಪಾದ ಹಲಗೆಯ ಮೇಲೆ ಸಡಿಲ ಸುರುಳಿಯಾಗಿ ಇಡಿ. ವೆಲ್ಡಿಂಗ್ ಮಾಡುವ ಜಾಗದಿಂದ ದೂರವಿರಲಿ, ಆ ಕಿಡಿಯಿಂದ ಹುಟ್ಟುವ ಓಜೋನ್ ಅನಿಲ ರಬ್ಬರನ್ನು ಬಿರಿಯಿಸುತ್ತದೆ. ಜಾಲರಿಯ ಗೂಡಿನ ಹೊರಗೆ ಬಣ್ಣದಲ್ಲಿ ಬೆಲ್ಟಿನ ಜಾತಿ, ನಂಬರು, ಹಾಕಿದ ತಾರೀಕು ಬರೆಯಿಸಿ. ಗೂಡಿನ ಮೇಲೆಯೇ ಬರೆಯಿಸಬೇಕು. ಹಾಗಾದರೆ ಅದು ಗೋಡೆಗೊರಗಿ ನಿಂತಾಗ ಬರಹ ತಲೆಕೆಳಗಾಗಿಯೋ ಅಡ್ಡಡ್ಡವಾಗಿಯೋ ಕಂಡು ಯಾರಾದರೂ ಕೇಳುತ್ತಾರೆ.